ಮುರಿಯದ ಗಾಲಿಯ ವಿಚಾರಣೆ

ಕುಷ್ಟಗಿ ತಾಲೂಕಿನಲ್ಲಿ ಮಕ್ಕಳಿಗೆ ದೇವಿ ಹಾಕುವ ಸರಕಾರಿ ನೌಕರ ಅಮರಪ್ಪನಿಗೆ ೧೯೩೭ರ ಬೇಸಿಗೆಯಲ್ಲಿ ಒಂದು ಸೈಕಲ್ಲು ಮಂಜೂರಾಯಿತು. ಅವನು ಕೇಳಿರಲಿಲ್ಲ. ಹನ್ನೊಂದು ವರ್ಷದಿಂದ ನಡೆದೇ ಊರೂರು ತಿರುಗುತ್ತಿದ್ದ, ಕಾಲಿನಿಂದ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಮದ್ದಿನದು. ಸಿಡುಬು ಬಾರದಂತೆ ತೋಳಿಗೆ ಗೀರಿ ಹಚ್ಚುವ ಆ ಮದ್ದು ಸಣ್ಣ ಗಾಜಿನ ಕೊಳವೆಗಳಲ್ಲಿ ಬರುತ್ತಿತ್ತು, ಬಿಸಿಲು ತಾಗಿದರೆ ಕೆಡುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ ಮಣ್ಣಿನ ಕುಡಿಕೆಯಲ್ಲಿಟ್ಟುಕೊಂಡು ಕೋಳಿ ಕೂಗುವ ಹೊತ್ತಿಗೇ ಹೊರಟರೂ ತಾವರಗೇರಾ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಏರುತ್ತಿತ್ತು. ಆಮೇಲೆ ಹಚ್ಚಿದ ಮದ್ದು ನೀರಿಗೆ ಸಮ. ಮಕ್ಕಳು ಅಳುತ್ತಿದ್ದವು, ಅಮರಪ್ಪ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ, ಅಷ್ಟಕ್ಕೆ ಕೆಲಸ ಮುಗಿಯುತ್ತಿತ್ತು.

ಈ ಸಂಗತಿ ರಾಯಚೂರಿನ ಕಚೇರಿಗೆ ಹೇಗೋ ತಿಳಿಯಿತು. ಕೊಪ್ಪಳ, ಗಂಗಾವತಿ, ಯಲಬುರ್ಗಾ, ಕುಷ್ಟಗಿ ನಾಲ್ಕೂ ಕಡೆಯ ದೇವಿ ಡಾಕ್ಟರುಗಳಿಗೆ ಒಂದೊಂದು ಸೈಕಲ್ಲು ಕಳಿಸಿದರು. ಡಾಕ್ಟರು ಅನ್ನುವುದು ಜನ ಕೊಟ್ಟ ಪದವಿ. ಅಮರಪ್ಪ ಓದಿದ್ದು ಏಳನೆಯ ಇಯತ್ತೆ.

ಊರ ಹೊರಗಿನ ಒಣಗಿದ ಕೆರೆಯಂಗಳದಲ್ಲಿ ಅವನು ಒಂಬತ್ತು ದಿನ ಬಿದ್ದು, ಹತ್ತನೆಯ ದಿನ ಬೀಳದೆ ಸೈಕಲ್ಲು ಕಲಿತ. ಕುಷ್ಟಗಿಯಿಂದ ತಾವರಗೇರಾಕ್ಕೆ ಹದಿನಾಲ್ಕು ಮೈಲಿ ರಸ್ತೆ ಇತ್ತು, ನಕಾಶೆಯಲ್ಲಿ. ನೆಲದ ಮೇಲೆ ಇದ್ದದ್ದು ಬೇರೆ. ಮೊದಲ ಮೂರು ಮೈಲಿ ಒಡೆದ ಕಲ್ಲಿನ ಖಡಿ ಹರವಿದ್ದರು. ಅದರ ಮೇಲೆ ಉರುಳಬೇಕಾದ ರೋಲರು ಆರು ವರ್ಷದಿಂದ ಬರುವುದರಲ್ಲಿತ್ತು. ಆಮೇಲೆ ಎರೆಭೂಮಿ. ಮಳೆಗಾಲದಲ್ಲಿ ಬಂಡಿಗಳು ಕೊರೆದ ಆಳವಾದ ಜಾಡುಗಳು ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದವು. ಅದಾದ ಮೇಲೆ ಎರಡು ಹಳ್ಳ, ಗುಂಡುಕಲ್ಲು. ಕೊನೆಗೆ ಗರಸು ಮಣ್ಣು.

ಹನ್ನೊಂದನೆಯ ದಿನ ಐದನೆಯ ಮೈಲಿಯಲ್ಲಿ ಹಿಂದಿನ ಗಾಲಿಯ ಎರಡು ಕಡ್ಡಿ ಟಣ್ ಟಣ್ ಎಂದು ಮುರಿದವು. ಗಾಲಿ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿ ಚೌಕಟ್ಟಿಗೆ ತಾಗಿ ನಿಂತಿತು. ಅಮರಪ್ಪ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಮನೆಗೆ ನಡೆದ. ಮೊದಲು ಅವನು ಮದ್ದಿನ ಕುಡಿಕೆಯೊಂದನ್ನೇ ಹೊರುತ್ತಿದ್ದ.

ಕಚೇರಿಯ ಕಾಯಿದೆ ಪ್ರಕಾರ ಸರಕಾರಿ ಸೈಕಲ್ಲಿನ ಗಾಲಿಯನ್ನು ಹೈದರಾಬಾದಿನ ಗೊತ್ತುಮಾಡಿದ ಒಂದು ಅಂಗಡಿಯಲ್ಲೇ ರಿಪೇರಿ ಮಾಡಿಸಬೇಕಿತ್ತು. ಗಾಲಿ ಗೋಣಿಚೀಲ ಸುತ್ತಿಕೊಂಡು ಬಂಡಿಯಲ್ಲಿ ಕೊಪ್ಪಳ ಸ್ಟೇಶನ್ನಿಗೆ ಹೋಯಿತು, ಅಲ್ಲಿಂದ ರೈಲು ಹತ್ತಿತು. ಮೂರೂವರೆ ತಿಂಗಳಿಗೆ ನೆಟ್ಟಗಾಗಿ ಬಂತು. ಎಂಟು ದಿನ ಓಡಿ ಮತ್ತೆ ರೈಲು ಹತ್ತಿತು. ಎರಡು ವರ್ಷದಲ್ಲಿ ಐದು ಸಲ ಹೀಗಾಯಿತು. ಆ ಗಾಲಿ ರೈಲಿನಲ್ಲಿ ತಿರುಗಿದಷ್ಟು ದೂರ ರಸ್ತೆಯ ಮೇಲೆ ಎಂದೂ ತಿರುಗಲಿಲ್ಲ. ಉಳಿದ ತಾಲೂಕುಗಳಲ್ಲೂ ಇದೇ ಕಥೆ. ಯಲಬುರ್ಗಾದ ಹಂಪಣ್ಣ ಎಂಬುವನಂತೂ ಎರಡನೆಯ ಸಲ ಗಾಲಿ ಬಂದ ಕೂಡಲೇ ಸೈಕಲ್ಲನ್ನು ಅಟ್ಟಕ್ಕೆ ಏರಿಸಿ, ಎರಡು ತಿಂಗಳಿಗೊಮ್ಮೆ ‘ಗಾಲಿ ಮುರಿದಿದೆ’ ಎಂದು ವರದಿ ಬರೆದು, ನಡೆದು ತಿರುಗುತ್ತಿದ್ದ. ಅವನ ಮೇಲೆ ಕಚೇರಿಗೆ ಯಾವ ಅಸಮಾಧಾನವೂ ಇರಲಿಲ್ಲ.

ಅಮರಪ್ಪನಿಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಸೈಕಲ್ಲು ಓಡಿದ ಕೆಲವೇ ದಿನಗಳಲ್ಲಿ ಅವನು ಎಂಟು ಗಂಟೆಯೊಳಗೆ ತಾವರಗೇರಾ ಮುಟ್ಟಿದ್ದ. ಆ ದಿನಗಳಲ್ಲಿ ಹಚ್ಚಿದ ಮದ್ದು ಮಕ್ಕಳ ತೋಳಿನ ಮೇಲೆ ಬೊಕ್ಕೆ ಎದ್ದು ಕುದುರಿತ್ತು. ಹನ್ನೊಂದು ವರ್ಷದಲ್ಲಿ ತಾನು ಹಾಕಿದ ದೇವಿ ಹೀಗೆ ಕುದುರಿದ್ದನ್ನು ಅವನು ಸರಿಯಾಗಿ ನೋಡಿದ್ದು ಅದೇ ಮೊದಲು. ಆರನೆಯ ಸಲ ಗಾಲಿ ಸೊಟ್ಟಗಾದಾಗ ಅದನ್ನು ಕೊಪ್ಪಳಕ್ಕೆ ಕಳಿಸದೆ, ಗೋಣಿಚೀಲದಲ್ಲಿ ಸುತ್ತಿ ಪಿಂಜಾರ ಓಣಿಯ ಗೌಸಬೀಯ ಮನೆಗೆ ಒಯ್ದ.

ಗೌಸಬೀಗೆ ನಲವತ್ತೈದರ ಆಸುಪಾಸು. ಅರಳೆ ಹಿಂಜಿ ಗಾದಿ, ರಜಾಯಿ ತುಂಬುವುದು ಅವಳ ಕಸುಬು. ಅವಳ ಗಂಡ ತಾಸಿನ ಬಾಡಿಗೆಗೆ ಎರಡು ಸೈಕಲ್ಲು ಇಟ್ಟಿದ್ದ, ಸತ್ತು ನಾಲ್ಕು ವರ್ಷವಾಗಿತ್ತು. ಸೈಕಲ್ಲುಗಳನ್ನು ಮೈದುನರು ಒಯ್ದರು. ಕಡ್ಡಿ ಬಿಗಿಯುವ ಚಾವಿಯನ್ನು ಯಾರೂ ಕೇಳಲಿಲ್ಲವಾದ್ದರಿಂದ ಅದು ಮನೆಯಲ್ಲೇ ಉಳಿಯಿತು. ಅಂಗಡಿ ನಡೆಯುತ್ತಿದ್ದಾಗ ಗಾಲಿಯ ಔಟ್ ತೆಗೆದು ಸೊಟ್ಟ ತಿದ್ದುವ ಕೆಲಸ ಗಂಡನದೆಂದೇ ಊರು ತಿಳಿದಿತ್ತು. ಒಳಗೆ ಕೂತು ತೆಗೆಯುತ್ತಿದ್ದವಳು ಗೌಸಬೀ. ಇದು ಅಮರಪ್ಪನಿಗೆ ಗೊತ್ತಾದದ್ದು ಆಗೊಮ್ಮೆ ಅವರ ಮನೆಯ ಮಗುವಿಗೆ ದೇವಿ ಹಾಕಲು ಹೋದಾಗ. ಅವಳು ಮಗುವಿನ ಅಳುವಿಗೆ ತಲೆ ಎತ್ತದೆ ಮೂಲೆಯಲ್ಲಿ ಗಾಲಿ ತಿರುಗಿಸುತ್ತಿದ್ದಳು.

ಅವಳು ಗಾಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟಿದಳು. ಅರಳೆ ಹಿಂಜುವ ಬಿಲ್ಲಿನ ತಂತಿ ಎಷ್ಟು ಬಿಗಿ ಇದೆ ಎಂದು ನೋಡುವುದೂ ಹಾಗೆಯೇ. ಹಾಗೆ ನಲವತ್ತೂ ಮುಗಿಸಿದಳು.

“ರಸ್ತೇಕ ಮುರಿದಿಲ್ಲಿದು, ಡಾಕ್ಟರ್ರ,” ಎಂದಳು. “ಒಂದ ಕಡ್ಡಿ ಸಡ್ಲ ಇತ್ತು. ಅದರ ಭಾರ ಬಾಜೂದ ಕಡ್ಡಿ ಹೊತ್ತು ಮುರೀತು. ಆಮ್ಯಾಲ ಅದರ ಬಾಜೂದ್ದು. ಎಲ್ಲಾವ ಒಂದ ಸಮ ಬಿಗಿ ಇದ್ದಿದ್ರ ಕಲ್ಲು ಏನೂ ಮಾಡ್ತಿದ್ದಿಲ್ಲ.”

ಹೈದರಾಬಾದಿನಾಗ ಐದು ಸಲ ಸರಿ ಮಾಡ್ಯಾರಲ್ಲ ಎಂದು ಅಮರಪ್ಪ ಕೇಳಿದ. ಅವರು ರಿಮ್ಮು ನೆಟ್ಟಗೆ ಮಾಡಿದ್ದಾರೆ, ಗಾಲಿಯನ್ನಲ್ಲ ಎಂದು ಅವಳು ಹೇಳಿದಳು. ನೋಡಲು ನೆಟ್ಟಗಿದ್ದರೆ ಸಾಕು ಎನ್ನುವ ಊರಿನಲ್ಲಿ ರಸ್ತೆ ಚೆನ್ನಾಗಿರಬೇಕು ಎಂದೂ ಸೇರಿಸಿದಳು.

ಕೆಲಸಕ್ಕೆ ಮೂರು ದಿನ ಹಿಡಿಯಿತು. ಕಡ್ಡಿಗಳನ್ನೆಲ್ಲ ಬಿಚ್ಚಿ, ಜಗ್ಗಿ ಸೋತವನ್ನು ತೆಗೆದು, ಗಂಡನ ಕಾಲದ ಡಬ್ಬಿಯಲ್ಲಿದ್ದ ಒಳ್ಳೆಯವನ್ನು ಸೇರಿಸಿದಳು. ಒಂದು ಕಡ್ಡಿ ಬೇರೆ ಮೂರನ್ನು ದಾಟಿ ಹೋಗುವಲ್ಲಿ ನಾಲ್ಕನ್ನು ದಾಟುವಂತೆ ಹೆಣೆದಳು. ಕಡ್ಡಿ ಕಡ್ಡಿಯನ್ನು ದಾಟುವ ಜಾಗದಲ್ಲಿ ಕೂದಲಿನಂಥ ತಂತಿಯಿಂದ ಎರಡನ್ನೂ ಸೇರಿಸಿ ಕಟ್ಟಿದಳು, ಒಂದಕ್ಕೆ ಪೆಟ್ಟು ಬಿದ್ದರೆ ಇನ್ನೊಂದು ಹಂಚಿಕೊಳ್ಳಲಿ ಎಂದು. ಒಂದೇ ದಿನ ಬಿಗಿಯಲಿಲ್ಲ. ಸ್ವಲ್ಪ ಬಿಗಿದು, ಗಾಲಿಯನ್ನು ನೆಲದ ಮೇಲೆ ಮಲಗಿಸಿ ಕಾಲಿನಿಂದ ಒತ್ತುತ್ತಿದ್ದಳು. ಕಡ್ಡಿಗಳು ಟಿಕ್ ಟಿಕ್ ಎಂದು ತಮ್ಮ ಜಾಗ ಹಿಡಿಯುತ್ತಿದ್ದವು. ಹಾಗೆಯೇ ಬಿಟ್ಟು ಗಾದಿ ಹೊಲಿಯಲು ಹೋಗುತ್ತಿದ್ದಳು. ಮಾರನೆಯ ದಿನ ಮತ್ತೆ.

ಗಾಲಿ ಕೊಡುವಾಗ ಮೂರು ಮಾತು ಹೇಳಿದಳು. ಒಂದು, ಕಲ್ಲು ಬಂದಾಗ ಸೀಟಿನ ಮೇಲೆ ಮೂಟೆಯಂತೆ ಕೂತಿರಬಾರದು, ಪೆಡಲ್ ಮೇಲೆ ಎದ್ದು ನಿಲ್ಲಬೇಕು. ಎರಡು, ತಿಂಗಳಿಗೊಮ್ಮೆ ಗಾಲಿ ತಂದು ತೋರಿಸಬೇಕು. ಮೂರನೆಯದನ್ನು ಅವಳು ಬಾಗಿಲವರೆಗೆ ಬಂದು ಹೇಳಿದಳು.

“ನನ್ನ ಹೆಸರು ಕಾಗದದಾಗ ಬರಬಾರದು ನೋಡ್ರಿ. ಸರಕಾರದ ಗಾಲಿ ಖಾಸಗಿ ಮನ್ಯಾಗ ಇತ್ತಂದ್ರ ಪೊಲೀಸರು ಮೊದ್ಲ ಬರ್ತಾರ, ಆಮ್ಯಾಲ ಕೇಳ್ತಾರ.”

ಬರುವುದಿಲ್ಲ ಎಂದು ಅಮರಪ್ಪ ಮಾತು ಕೊಟ್ಟ.

ಆ ಗಾಲಿ ಎರಡು ವರ್ಷ ಐದು ತಿಂಗಳು ಮುರಿಯಲಿಲ್ಲ. ಅಮರಪ್ಪ ವಾರಕ್ಕೆ ನಾಲ್ಕು ದಿನ ಹೊರಡುತ್ತಿದ್ದ, ಖಡಿಯ ಮೇಲೆ ನಿಂತು, ಜಾಡಿನಲ್ಲಿ ಕೂತು, ಹಳ್ಳದಲ್ಲಿ ನಿಂತು, ಏಳೂವರೆಗೆಲ್ಲ ತಾವರಗೇರಾದ ಚಾವಡಿಯಲ್ಲಿರುತ್ತಿದ್ದ. ಹಾಕಿದ ದೇವಿ ಕುದುರತೊಡಗಿತು. ಇದರಿಂದ ತಾಯಂದಿರು ಸಂತೋಷಪಟ್ಟರು ಎನ್ನಲಾಗದು. ಮೊದಲಾದರೆ ಡಾಕ್ಟರು ಗೀರಿ ಹೋದರೆ ಮಕ್ಕಳು ಒಂದು ಗಳಿಗೆ ಅತ್ತು ಸುಮ್ಮನಾಗುತ್ತಿದ್ದವು, ಈಗ ಜ್ವರವೂ ಬರುತ್ತದೆ, ಡಾಕ್ಟರ ಕೈ ಕೆಟ್ಟಿದೆ ಎಂದು ದುರಗಮ್ಮ ಎಂಬ ಮುದುಕಿ ಊರ ಗೌಡರಿಗೆ ದೂರು ಕೊಟ್ಟಳು. ಅಮರಪ್ಪ ಮಾತ್ರ ಎಂಟನೆಯ ದಿನ ಮತ್ತೆ ಹೋಗಿ ಮಕ್ಕಳ ತೋಳು ಹಿಡಿದು ಬೊಕ್ಕೆಗಳನ್ನು ನೋಡಿ, ಸೈಕಲ್ಲಿನ ಮೇಲೆ ಬಹಳ ನೆಟ್ಟಗೆ ಕೂತು ವಾಪಸಾಗುತ್ತಿದ್ದ.

ತಿಂಗಳ ವರದಿಯಲ್ಲಿ ‘ಗಾಲಿಯ ಸ್ಥಿತಿ’ ಎಂಬ ಕಲಮಿತ್ತು. ಅದರಲ್ಲಿ ಅವನು ಇಪ್ಪತ್ತೊಂಬತ್ತು ಸಲ ‘ಸರಿ ಇದೆ’ ಎಂದು ಬರೆದ.

ಮೂವತ್ತನೆಯ ತಿಂಗಳು, ೧೯೪೧ರ ಡಿಸೆಂಬರಿನಲ್ಲಿ, ರಾಯಚೂರಿನಿಂದ ಉತ್ತರ ಬಂತು. ಉಳಿದ ಮೂರು ತಾಲೂಕುಗಳಲ್ಲಿ ಗಾಲಿಗಳು ವರ್ಷಕ್ಕೆ ಎರಡು ಮೂರು ಸಲವಾದರೂ ಮುರಿದಿವೆ. ಕುಷ್ಟಗಿಯಲ್ಲಿ ಎರಡು ವರ್ಷಕ್ಕೂ ಮೇಲ್ಪಟ್ಟು ಒಮ್ಮೆಯೂ ಮುರಿದಿಲ್ಲ. ಕುಷ್ಟಗಿಯ ರಸ್ತೆಗಳು ಉಳಿದವಕ್ಕಿಂತ ಉತ್ತಮವಾಗಿವೆ ಎಂದು ತೋರಿಸುವ ದಾಖಲೆ ಯಾವುದೂ ಇಲ್ಲ. ಆದ್ದರಿಂದ ಸದರಿ ಅಮರಪ್ಪ ಮನೆಯಲ್ಲೇ ಕೂತು ಮಕ್ಕಳ ಹೆಸರು ಬರೆದು ಕಳಿಸುತ್ತಿದ್ದಾನೆಂದು ಗ್ರಹಿಸಲಾಗಿದೆ. ಇನ್‌ಸ್ಪೆಕ್ಟರ್ ಸಾಹೇಬರು ಖುದ್ದಾಗಿ ಬಂದು ವಿಚಾರಣೆ ನಡೆಸುತ್ತಾರೆ. ಆರೋಪ ನಿಜವೆಂದು ಕಂಡರೆ ನೌಕರಿಯಿಂದ ತೆಗೆಯಲಾಗುವುದು.

ಅಮರಪ್ಪ ಅದನ್ನು ಮೂರು ಸಲ ಓದಿದ. ಹೆಂಡತಿ ಪಂಪಾವತಿ ಏನು ತಪ್ಪು ಮಾಡಿದಿರಿ ಎಂದು ಕೇಳಿದಳು. ಗಾಲಿ ಮುರಿದಿಲ್ಲ ಎಂದ. ಹಾಗಾದರೆ ಮುರಿದುಬಿಡಿ ಎಂದು ಅವಳು ಹೇಳಿದಳು, ಅದಕ್ಕೆ ಅಷ್ಟು ವಿಚಾರವೇಕೆ ಎಂಬಂತೆ.

ಮಾತು ಸರಿಯಾಗಿಯೇ ಇತ್ತು. ಮಧ್ಯಾಹ್ನ ಅವನು ಹಿತ್ತಿಲಿಗೆ ಹೋಗಿ, ಸೈಕಲ್ಲನ್ನು ಮಗುಚಿ ನಿಲ್ಲಿಸಿ, ಒಂದು ಗುಂಡುಕಲ್ಲು ಎತ್ತಿಕೊಂಡು ನಿಂತ. ಗಾಲಿ ತನ್ನಷ್ಟಕ್ಕೆ ತಿರುಗುತ್ತಿತ್ತು, ಎಲ್ಲೂ ಅಲುಗಾಡದೆ. ಕಲ್ಲು ಹಿಡಿದ ಕೈ ನೋಯುವವರೆಗೂ ನಿಂತಿದ್ದು, ಕೊನೆಗೆ ಕಲ್ಲನ್ನು ಹಿತ್ತಿಲ ಬಾಗಿಲಿಗೆ ಅಡ್ಡ ಇಟ್ಟು ಒಳಗೆ ಬಂದ. ಅದನ್ನು ಕಟ್ಟಿದವಳ ಮುಖಕ್ಕೆ ಹೊಡೆದಂತಾಗುತ್ತದೆ ಅನ್ನಿಸಿತ್ತು. ಇದನ್ನು ಪಂಪಾವತಿಗೆ ಹೇಗೆ ಹೇಳುವುದೆಂದು ತಿಳಿಯದೆ, ಕಲ್ಲು ಸಣ್ಣದಿತ್ತು ಎಂದ.

ಇನ್‌ಸ್ಪೆಕ್ಟರ್ ಸಾಹೇಬರು ಮೋಟಾರಿನಲ್ಲಿ ಬಂದು ಮುಸಾಫಿರಖಾನೆಯಲ್ಲಿ ಇಳಿದರು. ಭಾರಿ ಆಳು, ಬಿಳಿಯ ಗಡ್ಡ, ಲಂಚ ಮುಟ್ಟುವವರಲ್ಲ ಎಂಬ ಹೆಸರಿತ್ತು. ಅಮರಪ್ಪನಿಗೆ ಅದೇ ಹೆದರಿಕೆ. ಅವರ ಮಂಚದ ಗಾದಿ ಗಂಟುಗಂಟಾಗಿದೆಯೆಂದು ತಹಶೀಲ ಕಚೇರಿಯವರು ಗೌಸಬೀಯನ್ನು ಕರೆಸಿದ್ದರು. ಅವಳು ಮುಸಾಫಿರಖಾನೆಯ ಪಡಸಾಲೆಯ ತುದಿಯಲ್ಲಿ ಅರಳೆ ಹರಡಿಕೊಂಡು ಕೂತಿದ್ದಳು.

ಸಾಹೇಬರು ಉರ್ದುವಿನಲ್ಲಿ ಮಾತಾಡುತ್ತಿದ್ದರು, ಅಮರಪ್ಪನಿಗೆ ಕಷ್ಟಪಟ್ಟರೆ ತಿಳಿಯುತ್ತಿತ್ತು, ಅವನ ಕನ್ನಡ ಅವರಿಗೂ ಅಷ್ಟೇ. ಮಾರನೆಯ ಬೆಳಿಗ್ಗೆ ಇಬ್ಬರೂ ತಾವರಗೇರಾಕ್ಕೆ ಹೋಗಿ ಮಕ್ಕಳ ತೋಳು ನೋಡುವುದೆಂದು ಅವರು ತೀರ್ಮಾನಿಸಿದರು. ಬಂಡಿ ಬೇಡ, ಈ ರಸ್ತೆಯನ್ನು ಸೈಕಲ್ಲಿನ ಮೇಲೆಯೇ ನೋಡಬೇಕು ಎಂದರು. ತಹಶೀಲ ಕಚೇರಿಯ ಸೈಕಲ್ಲೊಂದನ್ನು ಅವರಿಗೆ ಕೊಟ್ಟರು. ಅದು ಹೊಸದು, ಗಾಲಿಗಳು ಹೊಳೆಯುತ್ತಿದ್ದವು.

ಖಡಿಯ ಮೇಲೆ ಸಾಹೇಬರು ಕೂತೇ ಇದ್ದರು. ಎದ್ದು ನಿಲ್ಲಿರೆಂದು ಇನ್‌ಸ್ಪೆಕ್ಟರಿಗೆ ಹೇಳುವುದು ಹೇಗೆಂದು ಅಮರಪ್ಪನಿಗೆ ತಿಳಿಯಲಿಲ್ಲ. ನಾಲ್ಕೂವರೆ ಮೈಲಿಗೆ, ಆಳವಾದ ಬಂಡಿಜಾಡೊಂದರಲ್ಲಿ, ಅವನಿಗೆ ಚೆನ್ನಾಗಿ ಪರಿಚಯವಿದ್ದ ಆ ಟಣ್ ಟಣ್ ಸದ್ದು ಕೇಳಿಸಿತು. ಸಾಹೇಬರು ನೆಲದ ಮೇಲೆ ಕೂತಿದ್ದರು. ಪೆಟ್ಟೇನೂ ಆಗಿರಲಿಲ್ಲ. ಅವರು ಎದ್ದು ಸೊಟ್ಟ ಗಾಲಿಯನ್ನು ನೋಡಿದರು, ಅಮರಪ್ಪನ ಗಾಲಿಯನ್ನು ನೋಡಿದರು, ಹಿಂದಿನ ದಾರಿ, ಮುಂದಿನ ದಾರಿ ನೋಡಿದರು.

“ಕ್ಯಾರಿಯರ್ ಮ್ಯಾಲ ಕುಂದರ್ರಿ, ಸಾಹೇಬ್ರ,” ಎಂದ ಅಮರಪ್ಪ.

ತಡೆಯುತ್ತದೆಯೇ ಎಂದು ಅವರು ಕೇಳಿದರು.

“ಗೊತ್ತಿಲ್ರಿ. ಇಲ್ಲೀತನಾ ಮದ್ದಿನ ಕುಡಿಕಿ ಅಷ್ಟ ಒಯ್ದೀನಿ.”

ಮುರಿದ ಸೈಕಲ್ಲನ್ನು ಹೊಲದ ಗುಡಿಸಲಿನವರಿಗೆ ಒಪ್ಪಿಸಿ ಸಾಹೇಬರು ಹತ್ತಿ ಕೂತರು. ಅಮರಪ್ಪ ತುಳಿದ. ಗಾಲಿಯಿಂದ ಒಂದು ನರಳಿಕೆ ಬಂತು, ಗಾದಿಯ ಮೇಲೆ ಭಾರದ ಮನುಷ್ಯ ಮಗ್ಗುಲು ಬದಲಿಸಿದಂತೆ. ಆಮೇಲೆ ಅದು ಸುಮ್ಮನಾಯಿತು. ಜಾಡು ದಾಟಿತು. ಹಳ್ಳದ ಗುಂಡುಕಲ್ಲುಗಳಲ್ಲಿ ಅಮರಪ್ಪ ಎದ್ದು ನಿಂತಾಗ ಸಾಹೇಬರು ಹಿಂದಿನಿಂದ ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲಾನ ಹೆಸರು ಹೇಳುತ್ತಿದ್ದರು. ಅಮರಪ್ಪನೂ ಮನಸ್ಸಿನಲ್ಲೇ ಯಾರದೋ ಹೆಸರು ಹೇಳುತ್ತಿದ್ದ. ಒಂಬತ್ತೂವರೆ ಮೈಲಿ ಹೀಗೆ ಹೋಗಿ, ಎಂಟೂವರೆಗೆ ಇಬ್ಬರೂ ತಾವರಗೇರಾದ ಚಾವಡಿಯ ಮುಂದೆ ಇಳಿದರು.

ಅರವತ್ತಮೂರು ಮಕ್ಕಳ ತೋಳು ನೋಡಿದರು. ಎಂಟು ವರ್ಷ ಮೀರಿದವರ ತೋಳು ಹೆಚ್ಚಾಗಿ ನುಣ್ಣಗಿತ್ತು. ಮೂರು ವರ್ಷದೊಳಗಿನವರಲ್ಲಿ ಇಬ್ಬರನ್ನು ಬಿಟ್ಟು ಉಳಿದ ಎಲ್ಲರ ತೋಳಿನ ಮೇಲೂ ದುಂಡಗಿನ ಗುರುತುಗಳಿದ್ದವು. ಸಾಹೇಬರು ಬರೆದುಕೊಂಡರು. ದುರಗಮ್ಮ ಬಂದು, ಈ ಡಾಕ್ಟರು ಬಂದರೆ ಮಕ್ಕಳಿಗೆ ತಪ್ಪದೆ ಜ್ವರ ಬರುತ್ತದೆಂದು ಹೇಳಿ ಅವನನ್ನು ಬದಲಾಯಿಸಲು ಬೇಡಿಕೊಂಡಳು. ಅದನ್ನೂ ಬರೆದುಕೊಂಡರು. ಅಮರಪ್ಪನ ಪರವಾಗಿ ಅಷ್ಟು ಬಲವಾದ ಸಾಕ್ಷಿಯನ್ನು ಬೇರೆ ಯಾರೂ ನುಡಿಯಲಿಲ್ಲ.

ಸಂಜೆ ಅದೇ ಕ್ಯಾರಿಯರಿನ ಮೇಲೆ ವಾಪಸು ಬಂದ ಮೇಲೆ, ಸಾಹೇಬರು ಮುಸಾಫಿರಖಾನೆಯ ಅಂಗಳದಲ್ಲಿ ಬಗ್ಗಿ ಅಮರಪ್ಪನ ಗಾಲಿಯನ್ನು ಬಹಳ ಹೊತ್ತು ನೋಡಿದರು. ಕಡ್ಡಿಗೆ ಕಡ್ಡಿ ಕಟ್ಟಿದ ತಂತಿಯನ್ನು ಬೆರಳಿನಿಂದ ಮುಟ್ಟಿದರು. ಇದು ಹೈದರಾಬಾದಿನ ಅಂಗಡಿಯ ಕೆಲಸವಲ್ಲ, ಸರಕಾರಿ ಗಾಲಿಯನ್ನು ಬಿಚ್ಚಿದವರು ಯಾರು ಎಂದು ಕೇಳಿದರು.

ಪಡಸಾಲೆಯ ತುದಿಯಲ್ಲಿ ಗೌಸಬೀ ಗಾದಿಗೆ ಅರಳೆ ತುಂಬುತ್ತಿದ್ದಳು. ಅವಳ ಕೈ ನಿಂತಿತು.

“ನಾನ ಮಾಡೀನ್ರಿ,” ಎಂದ ಅಮರಪ್ಪ.

ಸಾಹೇಬರು ಒಪ್ಪಿದಂತೆ ತಲೆಯಾಡಿಸಿದರು. ಅಷ್ಟರಲ್ಲಿ ಬಂಡಿಯವನೊಬ್ಬ ತಹಶೀಲ ಕಚೇರಿಯ ಮುರಿದ ಸೈಕಲ್ಲನ್ನು ತಂದು ಇಳಿಸಿದ್ದ. ಗಾಲಿ ಕಳಚಿಸಿ, ಕಚೇರಿಯ ಪೆಟ್ಟಿಗೆಯಿಂದ ಚಾವಿ ತರಿಸಿ, ಇದನ್ನೂ ಹಾಗೆಯೇ ಮಾಡು ಎಂದು ಅವನ ಮುಂದಿಟ್ಟರು.

ಎರಡೂವರೆ ವರ್ಷ ತಿಂಗಳಿಗೊಮ್ಮೆ ಕೂತು ನೋಡಿದ್ದರಿಂದ ತನಗೂ ಸ್ವಲ್ಪ ಬರುತ್ತದೆ ಎಂದು ಅಮರಪ್ಪ ಅಂದುಕೊಂಡಿದ್ದ. ಒಂದು ಕಡ್ಡಿ ಮೀಟಿ ಕಿವಿಗೊಟ್ಟ. ಚಾವಿ ತಿರುಗಿಸಿದ. ಗಾಲಿ ಎಡಕ್ಕಿದ್ದದ್ದು ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದ, ಮೇಲಕ್ಕೆ ಎದ್ದಿತು. ಹಣೆಯಿಂದ ಬೆವರು ರಿಮ್ಮಿನ ಮೇಲೆ ಬಿತ್ತು. ಇನ್ನಷ್ಟು ಬಿಗಿದಾಗ ಒಂದು ಕಡ್ಡಿ ಹಾರಿತು. ಗೌಸಬೀ ಮುಖವನ್ನು ಆಚೆ ತಿರುಗಿಸಿದಳು. ಎರಡನೆಯ ಕಡ್ಡಿ ಹಾರಿತು. ಮೂರನೆಯದಕ್ಕೆ ಅವನು ಚಾವಿ ಹಾಕುವಷ್ಟರಲ್ಲಿ ಅವಳು ಎದ್ದು ಬಂದು ನಿಂತಿದ್ದಳು. ತಲೆ, ಹುಬ್ಬೆಲ್ಲ ಅರಳೆ ಮೆತ್ತಿತ್ತು.

“ಚಾವಿ ಇಡ್ರಿ ಡಾಕ್ಟರ್ರ,” ಎಂದಳು. “ಆ ಗಾಲಿ ನಿಮಗೇನ ಮಾಡೇತಿ?”

ಆಮೇಲೆ ಸಾಹೇಬರ ಕಡೆ ತಿರುಗಿ ಉರ್ದುವಿನಲ್ಲೇ, ಆ ಗಾಲಿ ಕಟ್ಟಿದವಳು ತಾನು, ಈ ಮನುಷ್ಯನಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ ಎಂದು ಹೇಳಿದಳು. ಸಾಹೇಬರು ಅವಳನ್ನೂ ಗಾಲಿಯನ್ನೂ ನೋಡಿ, ಹಾಗಾದರೆ ಇದನ್ನು ಸರಿ ಮಾಡು ಎಂದರು. ಮೂರು ದಿನ ಬೇಕು ಎಂದಳು. ತಾನು ನಾಳೆ ಹೊರಡಬೇಕು ಎಂದರು. ಹಾಗಾದರೆ ಹೊರಡಿ ಎಂದಳು.

ಸಾಹೇಬರು ವಿಚಾರಣೆ ಅಪೂರ್ಣವಾಗಿದೆ ಎಂದು ರಾಯಚೂರಿಗೆ ತಾರು ಕಳಿಸಿ ಮೂರು ದಿನ ಉಳಿದರು. ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಬಿಗಿ ಹೇಗೆ ಗೊತ್ತಾಗುತ್ತದೆ ಎಂದು ಎರಡನೆಯ ದಿನ ಕೇಳಿದರು. ಅವಳು ನಾಲ್ಕಾರು ಕಡ್ಡಿ ಮೀಟಿ ಕೇಳಿಸಿದಳು. ತನಗೆ ಎಲ್ಲವೂ ಒಂದೇ ಥರ ಕೇಳುತ್ತಿವೆ ಎಂದರು. ಕೇಳುತ್ತಿರಬಹುದು ಎಂದು ಅವಳು ಒಪ್ಪಿಕೊಂಡಳು.

ಮೂರನೆಯ ದಿನ ಗಾಲಿ ಮುಗಿದ ಮೇಲೆ ಸಾಹೇಬರು ಕಾಗದ ತೆಗೆದು ಅವಳ ಹೆಸರು ಕೇಳಿದರು. ಅಮರಪ್ಪ, ಹೆಸರು ಬರೆಯದಿದ್ದರೆ ಆಗುವುದಿಲ್ಲವೇ, ತಪ್ಪೆಲ್ಲ ತನ್ನದೆಂದು ಬರೆಯಿರಿ ಎಂದು ಕೈಮುಗಿದ. ಅವಳು ಅವನನ್ನು ತಡೆದಳು. ಮುಖ ಬಿಳಿಚಿಕೊಂಡಿತ್ತು. ಆದರೂ ಸಾಹೇಬರಿಗೂ ಅಮರಪ್ಪನಿಗೂ ಇಬ್ಬರಿಗೂ ತಿಳಿಯಲೆಂಬಂತೆ ನಿಧಾನವಾಗಿ ಕನ್ನಡದಲ್ಲೇ ಹೇಳಿದಳು.

“ಬರ್ಕೊರ್ರಿ. ಗೌಸಬೀ, ಪಿಂಜಾರ ಓಣಿ, ಕುಷ್ಟಗಿ. ಗಂಡನ ಹೆಸರು ಹಾಕಬ್ಯಾಡ್ರಿ. ಗಾಲಿ ಅವ ಕಟ್ಟಿಲ್ಲ.”

ನಮೂನೆಯಲ್ಲಿ ಗಂಡನ ಹೆಸರಿಗೆ ಜಾಗವಿತ್ತು. ಸಾಹೇಬರು ಅಲ್ಲಿ ಒಂದು ಗೆರೆ ಎಳೆದರು.

ಹುಕುಂ ಬರಲು ನಾಲ್ಕು ತಿಂಗಳಾಯಿತು. ಅಷ್ಟೂ ದಿನ ಗೌಸಬೀ ಓಣಿಯಲ್ಲಿ ಪೊಲೀಸರ ಬೂಟಿನ ಸದ್ದಿಗೆ ಕಾಯುತ್ತ ಹಗಲೆಲ್ಲ ಬಾಗಿಲು ಮುಂದಕ್ಕೆ ಎಳೆದುಕೊಂಡೇ ಅರಳೆ ಹಿಂಜಿದಳು. ಅಮರಪ್ಪ ದಿನಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದ. ಪೊಲೀಸರು ಬರಲಿಲ್ಲ. ಬಂದದ್ದು ಟಪಾಲು. ಸುಳ್ಳು ಪಟ್ಟಿಯ ಆರೋಪದಿಂದ ಅಮರಪ್ಪನನ್ನು ಮುಕ್ತಗೊಳಿಸಿದ್ದರು. ಅನುಮತಿಯಿಲ್ಲದೆ ಗಾಲಿ ರಿಪೇರಿ ಮಾಡಿಸಿದ್ದಕ್ಕೆ ತಾಕೀದು ಕೊಟ್ಟಿದ್ದರು. ಅನಧಿಕೃತವಾಗಿ ಗಟ್ಟಿಯಾಗಿರುವ ಆ ಗಾಲಿಯನ್ನು ಪರೀಕ್ಷೆಗಾಗಿ ಜಪ್ತಿ ಮಾಡಿ, ಬದಲಿಗೆ ಹೊಸ ಗಾಲಿ ಕಳಿಸಿದ್ದರು. ಗೌಸಬೀಯ ಬಗ್ಗೆ ಹುಕುಮಿನಲ್ಲಿ ಏನೂ ಇರಲಿಲ್ಲ. ಜಪ್ತಿಯಾದ ಗಾಲಿ ಮುಂದೆ ಏನಾಯಿತೋ ಯಾರಿಗೂ ತಿಳಿಯಲಿಲ್ಲ.

ಹೊಸ ಗಾಲಿ ರಸ್ತೆ ಮುಟ್ಟುವ ಮೊದಲೇ ಪಿಂಜಾರ ಓಣಿಗೆ ಹೋಯಿತು. ಈ ಸಲ ಅಮರಪ್ಪ ಗೋಣಿಚೀಲ ಸುತ್ತಿರಲಿಲ್ಲ. ಗೌಸಬೀ ಬಾಗಿಲು ಪೂರ್ತಿ ತೆರೆದು, ಬೆಳಕಿಗೆ ಕೂತು ಬಿಚ್ಚಿದಳು.

ಹದಿನೈದು ದಿನಕ್ಕೆ ಯಲಬುರ್ಗಾದಿಂದ ಹಂಪಣ್ಣ ಬಂದ. ಸೈಕಲ್ಲನ್ನು ಅಟ್ಟದಿಂದ ಇಳಿಸಿದ್ದಾಗಿ ಹೇಳಿ, ಅದನ್ನು ಜೊತೆಯಲ್ಲಿ ನಡೆದು ದಣಿದ ಮನುಷ್ಯನನ್ನು ಕೂರಿಸುವ ಹಾಗೆ ಗೋಡೆಗೆ ಒರಗಿಸಿದ. ಆಮೇಲೆ ಗಂಗಾವತಿಯವನ ಗಾಲಿ ಭತ್ತದ ಬಂಡಿಯಲ್ಲಿ ಬಂತು. ಕೊಪ್ಪಳದ್ದು ಮೋಟಾರಿನ ನೆತ್ತಿಯ ಮೇಲೆ. ಯಾರೂ ಅನುಮತಿ ಕೇಳಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಯುದ್ಧ ಬಿಗಿಯಾಗಿ ಪರದೇಶದ ಕಡ್ಡಿ ಬರುವುದು ನಿಂತ ಮೇಲೆ ಅವಳು ಸತ್ತ ಗಾಲಿಗಳ ಕಡ್ಡಿ ಬಿಚ್ಚಿ ಬದುಕಿದವಕ್ಕೆ ಹಾಕತೊಡಗಿದಳು. ೧೯೪೪ರ ಬೇಸಿಗೆಯಲ್ಲಿ ಆ ಕಡೆಯ ಊರುಗಳಲ್ಲಿ ಸಿಡುಬು ಎದ್ದಾಗ ನಾಲ್ಕೂ ಸೈಕಲ್ಲು ದಿನವೂ ಓಡಿದವು. ತಾವರಗೇರಾದಲ್ಲಿ ದೊಡ್ಡವರು ಏಳು ಜನ ತೀರಿಕೊಂಡರು, ಅವರಲ್ಲಿ ದುರಗಮ್ಮನೂ ಒಬ್ಬಳು. ತೋಳಿನ ಮೇಲೆ ಗುರುತಿದ್ದ ಮಕ್ಕಳಲ್ಲಿ ಒಂದೂ ಹೋಗಲಿಲ್ಲ. ದುರಗಮ್ಮನ ಮೊಮ್ಮಕ್ಕಳು ಮೂವರು ಅಂಗಳದಲ್ಲಿ ಆಡುತ್ತಿದ್ದುದನ್ನು ಅಮರಪ್ಪ ಸೈಕಲ್ಲು ನಿಲ್ಲಿಸಿ ನೋಡಿದ. ಅವರು ಅವನನ್ನು ಕಂಡು ಓಡಿ ಒಳಗೆ ಅಡಗಿಕೊಂಡರು.

ಗೌಸಬೀಯ ಮನೆಯಲ್ಲಿ ಅರಳೆಯ ಬಿಲ್ಲಿನ ಪಕ್ಕ ಗೋಡೆಯ ತುಂಬ ಗಾಲಿಗಳು ತೂಗಾಡುತ್ತಿದ್ದವು. ಆ ವರ್ಷ ಚಳಿಗಾಲಕ್ಕೆಂದು ಪಂಪಾವತಿ ಅರಳೆ ತುಂಬಲು ಕೊಟ್ಟಿದ್ದ ರಜಾಯಿ, ಗಾಲಿಗಳ ನಡುವೆ ಬಿಡುವು ಸಿಗದೆ, ಚಳಿ ಮುಗಿದು ಯುಗಾದಿಗೆ ಕೈಗೆ ಬಂತು.